ಓ-ಲಾನ್ ಪಾತ್ರ ಯಾರಿಗೆ? ಆನಾ ಮೇ ವಾಂಗ್ ಮತ್ತು ಕೈತಪ್ಪಿದ ಒಂದು ಸಿನಿಮಾ

1935ರ ಡಿಸೆಂಬರ್ ತಿಂಗಳು. ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿರುವ ಎಂಜಿಎಂ ಸ್ಟುಡಿಯೊದಲ್ಲಿ ಆನಾ ಮೇ ವಾಂಗ್ ಸ್ಕ್ರೀನ್ ಟೆಸ್ಟ್ ಕೊಟ್ಟರು. ಆಕೆಗೆ ಇನ್ನೂ 31 ತುಂಬಿರಲಿಲ್ಲ. ಆದರೆ ಕ್ಯಾಮೆರಾ ಮುಂದೆ ನಿಲ್ಲಲು ಶುರುಮಾಡಿ ಆಗಲೇ 16 ವರ್ಷ ಆಗಿತ್ತು. ಹಾಲಿವುಡ್, ಬರ್ಲಿನ್, ಲಂಡನ್, ಬ್ರಾಡ್‌ವೇ ಎಲ್ಲ ಕಡೆ ಹೆಸರು ಮಾಡಿದ್ದರು. ಚೀನೀ ಮೂಲದ ನಟಿ ಅಂದರೆ ಅಮೆರಿಕದ ಪ್ರೇಕ್ಷಕರಿಗೆ ಮೊದಲು ನೆನಪಾಗುತ್ತಿದ್ದುದು ಆಕೆಯ ಮುಖವೇ. ಎಂಜಿಎಂ ತೆಗೆಯಲು ಹೊರಟಿದ್ದ ಸಿನಿಮಾ 'ದಿ ಗುಡ್ ಅರ್ತ್', ಚೀನಾದ ಒಂದು ರೈತ ಕುಟುಂಬದ ಕಥೆ.

ಟೆಸ್ಟ್ ನೋಡಿದ ಸಹ ನಿರ್ಮಾಪಕ ಆಲ್ಬರ್ಟ್ ಲೆವಿನ್ ಒಂದು ಟಿಪ್ಪಣಿ ಬರೆದಿಟ್ಟರು. ರೂಪದ ವಿಷಯದಲ್ಲಿ ನಿರಾಸೆಯಾಯಿತು, ಕಥಾನಾಯಕ ಈಕೆಗೆ ಮರುಳಾದ ಅಂದರೆ ಜನ ನಂಬುವಷ್ಟು ಚೆಲುವೆಯಲ್ಲ, ಆದರೂ ಪರಿಗಣಿಸಬಹುದು ಎಂಬುದು ಅದರ ಸಾರ. ಆ ಪಾತ್ರದ ಹೆಸರು ಲೋಟಸ್. ರೈತನ ಮನೆಗೆ ಬಂದು ಸಂಸಾರ ಹಾಳುಮಾಡುವ ಎರಡನೆಯ ಹೆಂಡತಿ. ಕೊನೆಗೆ ಅದು ವಿಯೆನ್ನಾದ ನರ್ತಕಿ ಟಿಲಿ ಲಾಶ್ ಪಾಲಾಯಿತು.

ಆನಾ ಮೇ ಬಯಸಿದ್ದು ಲೋಟಸ್ ಪಾತ್ರವನ್ನಲ್ಲ. ಆಕೆಯ ಕಣ್ಣಿದ್ದುದು ರೈತನ ಮೊದಲ ಹೆಂಡತಿ ಓ-ಲಾನ್ ಮೇಲೆ. ಅದಕ್ಕೆ ಅವರ ಟೆಸ್ಟ್ ತೆಗೆದುಕೊಳ್ಳುವ ಮನಸ್ಸೂ ಸ್ಟುಡಿಯೊಗೆ ಇರಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಹಾಲಿವುಡ್ ಜನಾಂಗಭೇದ ಮಾಡಿತು, ಪಾತ್ರ ಬಿಳಿಯರಿಗೆ ಹೋಯಿತು, ಅಷ್ಟೇ. ಅದು ನಿಜವೇ. ಆದರೆ ಬೇಡ ಅಂದವರು ಯಾರು, ಯಾವ ಹಂತದಲ್ಲಿ ಅಂದರು ಅಂತ ಬಿಡಿಸಿ ನೋಡುತ್ತಾ ಹೋದರೆ ನನಗೆ ಇನ್ನೂ ಜಾಸ್ತಿ ಸಂಕಟವಾಗುತ್ತದೆ. ಬೊಟ್ಟು ಮಾಡಿ ತೋರಿಸಲು ಒಬ್ಬ ಖಳನಾಯಕ ಸಿಗುವುದಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಕಾರಣ ಇತ್ತು. ಒಂದೊಂದು ಕಾರಣವೂ ಕೇಳುವುದಕ್ಕೆ ಸರಿಯಾಗಿಯೇ ಇತ್ತು.

ಲಾಂಡ್ರಿಯ ಹುಡುಗಿ

ಆನಾ ಮೇ ಹುಟ್ಟಿದ್ದು 1905ರ ಜನವರಿ 3ರಂದು, ಲಾಸ್ ಏಂಜಲೀಸ್‌ನಲ್ಲಿ. ಮನೆಯಲ್ಲಿ ಇಟ್ಟ ಹೆಸರು ವಾಂಗ್ ಲಿಯು ತ್ಸಾಂಗ್. ತಂದೆ ವಾಂಗ್ ಸ್ಯಾಮ್ ಸಿಂಗ್ ಲಾಂಡ್ರಿ ನಡೆಸುತ್ತಿದ್ದರು. ಈ ತಂದೆಯೂ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವರು ಅನ್ನುವುದನ್ನು ಇಲ್ಲೇ ನೆನಪಿಟ್ಟುಕೊಳ್ಳಬೇಕು. ಅಂದರೆ ಮಗಳು ವಲಸೆ ಬಂದವಳಲ್ಲ. ಅವಳ ಊರು ಅದೇ, ದೇಶ ಅದೇ.

ಹುಡುಗಿ ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಗಂಟುಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದಳು. ಕೈಗೆ ಬಂದ ಚಿಲ್ಲರೆಯಲ್ಲಿ ಸಿನಿಮಾ ನೋಡುತ್ತಿದ್ದಳು. ಆಗ ಹಾಲಿವುಡ್ ಕಂಪನಿಗಳು ಚೀನಾದ ಬೀದಿ ಬೇಕಾದಾಗಲೆಲ್ಲ ಲಾಸ್ ಏಂಜಲೀಸ್‌ನ ಚೈನಾಟೌನ್‌ಗೇ ಬಂದು ಚಿತ್ರೀಕರಣ ಮಾಡುತ್ತಿದ್ದವು. ಈ ಹುಡುಗಿ ಶಾಲೆ ತಪ್ಪಿಸಿ ಅಲ್ಲಿ ಹೋಗಿ ನಿಲ್ಲುತ್ತಿದ್ದಳು. ಪಾತ್ರ ಕೊಡಿ ಅಂತ ಪೀಡಿಸುತ್ತಿದ್ದಳು. ಚಿತ್ರತಂಡದವರು ಅವಳಿಗೆ ಕುತೂಹಲದ ಚೀನೀ ಮಗು ಅಂತ ಅಡ್ಡಹೆಸರೇ ಇಟ್ಟಿದ್ದರು. 11 ವರ್ಷ ಆಗುವಷ್ಟರಲ್ಲಿ ತನ್ನ ಸಿನಿಮಾ ಹೆಸರನ್ನು ತಾನೇ ಜೋಡಿಸಿಕೊಂಡಿದ್ದಳು: ಆನಾ ಮೇ ವಾಂಗ್.

1919ರಲ್ಲಿ 'ದಿ ರೆಡ್ ಲ್ಯಾಂಟರ್ನ್' ಚಿತ್ರಕ್ಕೆ ಮುನ್ನೂರು ಜನ ಚೀನೀ ಹೆಂಗಸರು ಬೇಕಾಗಿದ್ದರು. ಆ ಗುಂಪಿನಲ್ಲಿ ಲಾಟೀನು ಹಿಡಿದು ನಡೆಯುವ ಒಬ್ಬಳಾಗಿ ಅವಳು ಸೇರಿಕೊಂಡಳು. ಹೆಸರಿಲ್ಲದ ಪಾತ್ರ. ಮೂರೇ ವರ್ಷದಲ್ಲಿ, 17ನೇ ವಯಸ್ಸಿಗೆ, 'ದಿ ಟೋಲ್ ಆಫ್ ದಿ ಸೀ' ಚಿತ್ರದ ನಾಯಕಿ. ಟೆಕ್ನಿಕಲರ್ ಬಣ್ಣದಲ್ಲಿ ತೆಗೆದ ಆರಂಭದ ಚಿತ್ರಗಳಲ್ಲಿ ಅದೂ ಒಂದು. ಬಿಳಿಯನೊಬ್ಬನನ್ನು ನಂಬಿ, ಅವನು ಬಿಟ್ಟುಹೋದ ಮೇಲೆ ಮಗುವನ್ನೂ ಅವನಿಗೇ ಒಪ್ಪಿಸಿ, ಸಮುದ್ರಕ್ಕೆ ಇಳಿಯುವ ಹುಡುಗಿಯ ಪಾತ್ರ. ಪಾತ್ರದ ಹೆಸರು ಲೋಟಸ್ ಫ್ಲವರ್. 13 ವರ್ಷ ಕಳೆದ ಮೇಲೂ ಎಂಜಿಎಂ ಆಕೆಯ ಮುಂದೆ ಇಟ್ಟಿದ್ದು ಮತ್ತೊಬ್ಬ ಲೋಟಸ್‌ಳನ್ನೇ.

ಸಾಯುವ ಪಾತ್ರಗಳು

1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಅವರ 'ದಿ ಥೀಫ್ ಆಫ್ ಬಾಗ್ದಾದ್' ಬಂತು. ಅದರಲ್ಲಿ ಆನಾ ಮೇ ಮಂಗೋಲ್ ದಾಸಿ. ಚಿಕ್ಕ ಪಾತ್ರವಾದರೂ ಜನ ಗುರುತಿಸಿದರು. ಆಮೇಲೆ ಪಾತ್ರಗಳು ಬಂದವು, ಆದರೆ ಎಲ್ಲವೂ ಎರಡೇ ಬಗೆ. ಒಂದೋ ನಂಬಿ ಕೆಡುವ ಪಾಪದ ಹುಡುಗಿ, ಇಲ್ಲಾಂದ್ರೆ ವಂಚಕಿ. ಎರಡರ ಕೊನೆಯೂ ಸಾವು. ಬಿಳಿಯ ನಾಯಕನ ಜೊತೆ ಚೀನೀ ಹುಡುಗಿ ಬಾಳುವುದನ್ನು ತೆರೆಯ ಮೇಲೆ ತೋರಿಸುವ ಹಾಗಿರಲಿಲ್ಲ. ಹಾಗಾಗಿ ಕಥೆ ಬರೆಯುವವರಿಗೆ ಅವಳನ್ನು ಸಾಯಿಸುವುದೇ ಸುಲಭದ ದಾರಿ. ತಾನು ಸಾವಿರ ಸಲ ಸತ್ತವಳು ಅಂತ ಸಮಾಧಿಯ ಮೇಲೆ ಬರೆಯಬೇಕು ಎಂದು ಆಕೆ ಹೇಳುತ್ತಿದ್ದರಂತೆ.

ಚೀನೀ ನಾಯಕಿಯ ಒಳ್ಳೆಯ ಪಾತ್ರ ಬಂದರೆ ಅದು ಬಿಳಿಯ ನಟಿಗೆ ಹೋಗುತ್ತಿತ್ತು. 1927ರ 'ಮಿಸ್ಟರ್ ವೂ' ಚಿತ್ರದಲ್ಲಿ ಮಗಳ ಪಾತ್ರ ರೆನೆ ಅಡೋರೆ ಅವರಿಗೆ. ಪಕ್ಕದಲ್ಲಿ ನಿಲ್ಲುವ ಪಾತ್ರ ನಿಜವಾದ ಚೀನೀ ಹುಡುಗಿಗೆ. ಕಣ್ಣಿನ ಅಂಚು ಎಳೆದು, ಬಣ್ಣ ಬಳಿದು ಬಿಳಿಯರನ್ನು ಏಷ್ಯಾದವರನ್ನಾಗಿ ಮಾಡುವುದನ್ನು ಈಗ ಯೆಲ್ಲೋಫೇಸ್ ಅನ್ನುತ್ತಾರೆ. ಆಗ ಅದು ಮೇಕಪ್‌ನವರ ದಿನನಿತ್ಯದ ಕೆಲಸ, ಅಷ್ಟೇ.

1928ರಲ್ಲಿ ಆನಾ ಮೇ ಯುರೋಪಿಗೆ ಹೊರಟರು. ಬರ್ಲಿನ್‌ನಲ್ಲಿ ನಾಯಕಿಯಾದರು. ಜರ್ಮನ್, ಫ್ರೆಂಚ್ ಕಲಿತರು. ಒಂದೇ ಕಥೆಯನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲೂ ತೆಗೆದಾಗ ಮೂರರಲ್ಲೂ ತಾವೇ ಮಾತಾಡಿದರು. ಲಂಡನ್ನಿನ ರಂಗದ ಮೇಲೆ ಲಾರೆನ್ಸ್ ಒಲಿವಿಯೆ ಜೊತೆ ನಟಿಸಿದಾಗ ಅವರ ಅಮೆರಿಕನ್ ಉಚ್ಚಾರಣೆಯನ್ನು ವಿಮರ್ಶಕರು ಆಡಿಕೊಂಡರು. ಆಕೆ ಸುಮ್ಮನಿರಲಿಲ್ಲ. 200 ಗಿನಿ ಖರ್ಚುಮಾಡಿ ಮೇಷ್ಟ್ರನ್ನು ಇಟ್ಟುಕೊಂಡು ಮಾತನ್ನು ತಿದ್ದಿಕೊಂಡರು.

ಅವರ ಒಂದು ದೃಶ್ಯವನ್ನಾದರೂ ನೋಡಬೇಕು ಅನ್ನುವವರು 1929ರ 'ಪಿಕಾಡಿಲಿ' ನೋಡಿ. ಲಂಡನ್ನಿನ ಶ್ರೀಮಂತರ ಕ್ಲಬ್. ಊಟಕ್ಕೆ ಕೂತವನೊಬ್ಬ ತಟ್ಟೆ ಕೊಳಕಾಗಿದೆ ಅಂತ ರೇಗುತ್ತಾನೆ. ಮಾಲೀಕ ಅಡುಗೆಮನೆ ದಾಟಿ, ಪಾತ್ರೆ ತೊಳೆಯುವ ಕೋಣೆಗೆ ಹೋಗುತ್ತಾನೆ. ಅಲ್ಲಿ ಹಬೆ, ರಾಶಿ ರಾಶಿ ತಟ್ಟೆ, ಕೆಲಸ ಬಿಟ್ಟು ನಿಂತ ಹೆಂಗಸರು. ನಡುವೆ ಮೇಜಿನ ಮೇಲೆ ಒಬ್ಬ ಹುಡುಗಿ ಕುಣಿಯುತ್ತಿದ್ದಾಳೆ. ಕಾಲು ಜಾಸ್ತಿ ಆಡುವುದಿಲ್ಲ. ಸೊಂಟ, ಕೈ, ಅರ್ಧ ಮುಚ್ಚಿದ ಕಣ್ಣು. ತನ್ನನ್ನು ಯಾರು ನೋಡುತ್ತಿದ್ದಾರೆ ಅನ್ನುವ ಗೊಡವೆಯೇ ಅವಳಿಗಿಲ್ಲ. ಹೆಸರು ಹಾಕುವಾಗ ಬಿಳಿಯ ನಾಯಕಿಯದೇ ಮೇಲೆ ಇರಬಹುದು. ಈ ದೃಶ್ಯ ಕಳೆದ ಮೇಲೆ ಚಿತ್ರ ಯಾರದು ಅನ್ನುವ ಬಗ್ಗೆ ನನಗಂತೂ ಅನುಮಾನ ಉಳಿಯಲಿಲ್ಲ. ಆ ಹುಡುಗಿಯೂ ಕೊನೆಗೆ ಗುಂಡೇಟಿಗೆ ಸಾಯುತ್ತಾಳೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1931ರ 'ಡಾಟರ್ ಆಫ್ ದಿ ಡ್ರ್ಯಾಗನ್' ಚಿತ್ರದ ಮಗಳು ಆನಾ ಮೇ. ಸಂಬಳ 6,000 ಡಾಲರ್. ಸ್ವೀಡನ್‌ನಲ್ಲಿ ಹುಟ್ಟಿದ ವಾರ್ನರ್ ಓಲಾಂಡ್ ಚೀನೀ ಅಪ್ಪನಾಗಿ 23 ನಿಮಿಷ ಮಾತ್ರ ತೆರೆಯ ಮೇಲೆ ಇರುತ್ತಾರೆ. ಅವರಿಗೆ 12,000. ಮರುವರ್ಷ 'ಶಾಂಘೈ ಎಕ್ಸ್‌ಪ್ರೆಸ್' ಚಿತ್ರಕ್ಕೆ ಅದರ ಬಿಳಿಯ ನಾಯಕಿ ಮಾರ್ಲೀನ್ ಡೀಟ್ರಿಚ್‌ಗೆ 78,166 ಡಾಲರ್. ಆನಾ ಮೇಗೆ ಮತ್ತೆ ಅದೇ 6,000.

ಓ-ಲಾನ್

ಈಗ ನಮ್ಮ ಪ್ರಕರಣಕ್ಕೆ ಬರೋಣ. ಪರ್ಲ್ ಬಕ್ ಅವರ ಕಾದಂಬರಿ 'ದಿ ಗುಡ್ ಅರ್ತ್' 1931ರಲ್ಲಿ ಬಂತು, 1932ರಲ್ಲಿ ಪುಲಿಟ್ಜರ್ ಪಡೆಯಿತು. ವಾಂಗ್ ಲುಂಗ್ ಎಂಬ ಬಡ ರೈತ, ದೊಡ್ಡ ಮನೆಯಲ್ಲಿ ದಾಸಿಯಾಗಿದ್ದು ಅವನ ಕೈಹಿಡಿದ ಓ-ಲಾನ್, ಅವರ ಹೊಲ, ಬರಗಾಲ, ಹಸಿವು, ಮತ್ತೆ ಹೊಲ. ಓ-ಲಾನ್ ಜಾಸ್ತಿ ಮಾತಾಡುವುದಿಲ್ಲ. ದುಡಿಯುತ್ತಾಳೆ. ಹೆರಿಗೆ ಮಾಡಿಕೊಂಡು ಮತ್ತೆ ಹೊಲಕ್ಕೆ ಇಳಿಯುತ್ತಾಳೆ.

ಅಲ್ಲಿಯವರೆಗೆ ಹಾಲಿವುಡ್‌ನ ಚೀನೀ ಹೆಂಗಸು ಅಂದರೆ ರೇಷ್ಮೆ ಬಟ್ಟೆ, ಉದ್ದ ಉಗುರು, ವಿಷದ ಬಟ್ಟಲು. ಓ-ಲಾನ್ ಹಾಗಲ್ಲ. ಅವಳು ಮನುಷ್ಯಳು. ಆನಾ ಮೇ ಈ ಪಾತ್ರಕ್ಕೆ ಆಸೆಪಟ್ಟಿದ್ದರಲ್ಲಿ ಆಶ್ಚರ್ಯವೇನಿದೆ? 1933ರಲ್ಲೇ ಬ್ರಿಟಿಷ್ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಆಕೆ ಇದನ್ನೇ ಕೇಳಿದ್ದರು. ತೆರೆಯ ಮೇಲಿನ ಚೀನೀಯರು ಯಾಕೆ ಯಾವಾಗಲೂ ಕ್ರೂರಿಗಳು, ಕೊಲೆಗಡುಕರು? ನಾವು ಹಾಗಿಲ್ಲವಲ್ಲ! ಲಾಸ್ ಏಂಜಲೀಸ್ ಪತ್ರಿಕೆಗಳೂ ಓ-ಲಾನ್ ಪಾತ್ರಕ್ಕೆ ಆಕೆಯ ಹೆಸರನ್ನೇ ಹೇಳುತ್ತಿದ್ದವು.

ನಿರ್ಮಾಪಕ ಇರ್ವಿಂಗ್ ಥಾಲ್‌ಬರ್ಗ್ ಚಿತ್ರಕ್ಕೆ ದುಡ್ಡು ಸುರಿದರು. ಲಾಸ್ ಏಂಜಲೀಸ್ ಹತ್ತಿರದ ಚಾಟ್ಸ್‌ವರ್ತ್‌ನಲ್ಲಿ ನೂರಾರು ಎಕರೆ ಜಾಗದಲ್ಲಿ ಚೀನೀ ಹೊಲ ಎಬ್ಬಿಸಿದರು. ಚೀನಾದಿಂದ ನೇಗಿಲು, ಪಾತ್ರೆ, ಪೀಠೋಪಕರಣ ತರಿಸಿದರು. ಎಲ್ಲ ಅಸಲಿಯಾಗಿರಬೇಕು ಅನ್ನುವುದು ಅವರ ಹಟ. ಪರ್ಲ್ ಬಕ್ ಅವರ ಆಸೆಯೂ ಚೀನೀ ನಟರೇ ಇರಲಿ ಅಂತ. ನೇಗಿಲು ಚೀನಾದ್ದು, ಮಡಕೆ ಚೀನಾದ್ದು. ನೇಗಿಲು ಹಿಡಿಯುವ ವಾಂಗ್ ಲುಂಗ್ ಮಾತ್ರ ಬಿಳಿಯ ನಟ ಪಾಲ್ ಮ್ಯೂನಿ.

ಈ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಎಲ್ಲರೂ ನಾಯಕಿಯ ಆಯ್ಕೆ ಬಗ್ಗೆ ಮಾತಾಡುತ್ತಾರೆ. ತೀರ್ಮಾನ ಆಗಿಹೋಗಿದ್ದು ನಾಯಕನನ್ನು ಆರಿಸಿದ ದಿನ. ದೊಡ್ಡ ಬಜೆಟ್ಟಿನ ಚಿತ್ರಕ್ಕೆ ದೊಡ್ಡ ಸ್ಟಾರ್ ಬೇಕು, ಚೀನೀ ಮೂಲದ ಅಂಥ ಸ್ಟಾರ್ ಇಲ್ಲ, ಅದಕ್ಕೆ ಮ್ಯೂನಿ. ವ್ಯಾಪಾರದ ಲೆಕ್ಕದಲ್ಲಿ ಯಾರಾದರೂ ಒಪ್ಪಿಬಿಡುವ ಮಾತು. ಆದರೆ ಚೀನೀ ಗಂಡಸಿಗೆ ಇವರೇ ನಾಯಕನ ಪಾತ್ರ ಕೊಡದೆ ಇದ್ದಾಗ ಸ್ಟಾರ್ ಬರುವುದು ಎಲ್ಲಿಂದ?

ಮ್ಯೂನಿ ಬಂದ ಮೇಲೆ ಉಳಿದ ಬಾಗಿಲುಗಳು ತಾವಾಗಿ ಮುಚ್ಚಿಕೊಂಡವು. ಅದಕ್ಕೆ ಕಾರಣ ಪ್ರೊಡಕ್ಷನ್ ಕೋಡ್. ಹಾಲಿವುಡ್ ಕಂಪನಿಗಳು ತಮಗೆ ತಾವೇ ಹಾಕಿಕೊಂಡ ನೀತಿ ನಿಯಮಗಳ ಪಟ್ಟಿ ಅದು. ಬರೆದದ್ದು 1930ರಲ್ಲಿ. 1934ರಿಂದ ಕೋಡ್ ಕಚೇರಿಯ ಮುಖ್ಯಸ್ಥ ಜೋಸೆಫ್ ಬ್ರೀನ್ ಅದನ್ನು ಬಿಗಿಯಾಗಿ ಜಾರಿಗೆ ತಂದರು. ಬಿಳಿಯರು ಮತ್ತು ಕರಿಯರ ನಡುವಿನ ದೈಹಿಕ ಸಂಬಂಧ ತೋರಿಸಬಾರದು ಅಂತ ಅದರಲ್ಲಿತ್ತು. ಬರಹದಲ್ಲಿ ಚೀನೀಯರ ಹೆಸರಿಲ್ಲ. ಆದರೆ ಸ್ಟುಡಿಯೊಗಳು ಅವರನ್ನೂ ಅದಕ್ಕೇ ಸೇರಿಸಿಕೊಂಡು ನಡೆಯುತ್ತಿದ್ದವು. ತೆರೆಯ ಹೊರಗೂ ಅದೇ. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಮತ್ತು ಚೀನೀಯರ ಮದುವೆಗೆ ಇದ್ದ ಅಡ್ಡಿ ಹೋಗಿದ್ದು 1948ರಲ್ಲಿ, ಕೋರ್ಟಿನ ತೀರ್ಪಿನಿಂದ.

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಕಥೆಯಲ್ಲಿ ಗಂಡ ಚೀನೀ, ಹೆಂಡತಿಯೂ ಚೀನೀ. ಅವರಿಬ್ಬರ ನಡುವೆ ಜನಾಂಗದ ಪ್ರಶ್ನೆಯೇ ಇಲ್ಲ. ಆದರೆ ಗಂಡನ ವೇಷದಲ್ಲಿ ಬಿಳಿಯ ನಟ ಇರುವುದರಿಂದ ಹೆಂಡತಿಯ ವೇಷದಲ್ಲೂ ಬಿಳಿಯ ನಟಿಯೇ ಇರಬೇಕು. ನಿಯಮ ಕಥೆಯನ್ನು ಬಿಟ್ಟು ನಟರ ಮೈಯನ್ನು ನೋಡಿತು.

ಓ-ಲಾನ್ ಪಾತ್ರ ಲೂಯಿಸ್ ರೈನರ್ ಅವರಿಗೆ ಹೋಯಿತು. ಜರ್ಮನಿಯಲ್ಲಿ ಹುಟ್ಟಿ, ವಿಯೆನ್ನಾದ ರಂಗಭೂಮಿಯಲ್ಲಿ ಹೆಸರು ಮಾಡಿ, 1935ರಲ್ಲಷ್ಟೇ ಹಾಲಿವುಡ್‌ಗೆ ಬಂದವರು. ಮ್ಯೂನಿ ಹುಟ್ಟಿದ್ದು ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿ. ಟಿಲಿ ಲಾಶ್ ವಿಯೆನ್ನಾದವರು. ಅಂದರೆ ಚಿತ್ರದ ಮೂವರು ಮುಖ್ಯ ನಟರೂ ಹೊರಗಿನಿಂದ ಅಮೆರಿಕಕ್ಕೆ ಬಂದವರು. ಅಮೆರಿಕದಲ್ಲೇ, ಅದೇ ಊರಿನಲ್ಲೇ ಹುಟ್ಟಿದ ಹೆಣ್ಣುಮಗಳು ಪರಕೀಯಳಾಗಿ ಹೊರಗೆ ನಿಂತಿದ್ದಳು.

ಲೋಟಸ್ ಪಾತ್ರದ ವಿಷಯವಾಗಿ ಎರಡು ಮಾತು ಓಡಾಡುತ್ತವೆ. ಆಕೆಯೇ ಅದನ್ನು ನಿರಾಕರಿಸಿದರು ಅನ್ನುವುದು ಒಂದು. ಓ-ಲಾನ್ ಕೊಟ್ಟರೆ ಸಂತೋಷದಿಂದ ಮಾಡುತ್ತೇನೆ, ಆದರೆ ಬಿಳಿಯರೇ ಚೀನೀಯರಾಗಿರುವ ಚಿತ್ರದಲ್ಲಿ ಚೀನೀ ರಕ್ತದ ನನಗೆ ಮಾತ್ರ ಕೆಟ್ಟವಳ ಪಾತ್ರವೇ ಅಂತ ಥಾಲ್‌ಬರ್ಗ್‌ಗೆ ಮುಖಕ್ಕೇ ಹೇಳಿದರಂತೆ. ಟೆಸ್ಟ್ ಮಾಡಿ ಸ್ಟುಡಿಯೊದವರೇ ಬಿಟ್ಟರು ಅನ್ನುವುದು ಇನ್ನೊಂದು. ಲೆವಿನ್ ಟಿಪ್ಪಣಿ ಇರುವುದರಿಂದ ಟೆಸ್ಟ್ ನಡೆದದ್ದಂತೂ ಖಂಡಿತ. ಎರಡೂ ಜೊತೆಗೇ ನಿಜವಾಗಿರಬಹುದು ಅಲ್ವಾ? ಹೊಟ್ಟೆಪಾಡಿಗಾಗಿ ಟೆಸ್ಟ್‌ಗೆ ಹೋಗಿ, ಮನಸ್ಸಿನಲ್ಲಿದ್ದುದನ್ನು ಹೇಳಿಯೂ ಬಂದಿರಬಹುದು.

ಆಕೆ ತೀರಾ ನಾಜೂಕು, ಫ್ಯಾಷನ್ ತಾರೆ, ಮಣ್ಣಿನ ಹೆಂಗಸಾಗಿ ಒಪ್ಪುತ್ತಿರಲಿಲ್ಲ ಅನ್ನುವವರೂ ಇದ್ದಾರೆ. ಇದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅವರಿಗೆ 'ಶಾಂಘೈ ಎಕ್ಸ್‌ಪ್ರೆಸ್' ತೋರಿಸುತ್ತೇನೆ. ರೈಲಿನ ಡಬ್ಬಿಯಲ್ಲಿ ಡೀಟ್ರಿಚ್ ಎದುರು ಆನಾ ಮೇ ಕೂತಿದ್ದಾರೆ. ಸುತ್ತಲಿನವರ ಮಾತು, ಮೂದಲಿಕೆ, ಯಾವುದಕ್ಕೂ ಮುಖ ಎತ್ತದೆ ಒಬ್ಬರೇ ಇಸ್ಪೀಟ್ ಎಲೆ ಜೋಡಿಸುತ್ತಾರೆ. ಮಾತು ಬಹಳ ಕಡಿಮೆ. ಚಿತ್ರ ಮುಗಿದ ಮೇಲೂ ನೆನಪಿನಲ್ಲಿ ಉಳಿಯುವುದು ಆ ಮೌನ. ಓ-ಲಾನ್‌ಗೆ ಬೇಕಾಗಿದ್ದುದು ಅದೇ. ಹಾಗಂತ ರೈನರ್ ಕೆಟ್ಟದಾಗಿ ಮಾಡಿದರು ಅಂತಲ್ಲ. ಅವರೂ ಹೆಚ್ಚುಕಮ್ಮಿ ಮಾತಿಲ್ಲದೆಯೇ ಪಾತ್ರ ಹೊತ್ತಿದ್ದಾರೆ, 1938ರಲ್ಲಿ ಅದಕ್ಕೆ ಆಸ್ಕರ್ ಪಡೆದಿದ್ದಾರೆ. ತಪ್ಪು ಅವರದಲ್ಲ. ಆದರೆ ಓ-ಲಾನ್‌ಗೆ ಈಕೆ ತೀರಾ ಚೆಲುವೆ, ಲೋಟಸ್‌ಗೆ ಸಾಲದಷ್ಟು ಚೆಲುವೆ ಅಂದರೆ, ಆಕೆ ಇನ್ನು ಯಾವ ಮುಖ ಹೊತ್ತು ಬರಬೇಕಾಗಿತ್ತು? ಇದೇ ಎಂಜಿಎಂ 1932ರಲ್ಲಿ 'ದಿ ಸನ್-ಡಾಟರ್' ಚಿತ್ರದ ಸಮಯದಲ್ಲಿ ಇನ್ನೂ ವಿಚಿತ್ರ ಕಾರಣ ಕೊಟ್ಟಿತ್ತು. ಚೀನೀ ಪಾತ್ರ ಮಾಡುವುದಕ್ಕೆ ಆಕೆ ತೀರಾ ಚೀನೀಯಾಗಿ ಕಾಣುತ್ತಾರಂತೆ!

ಹೀಗೆ ಬರೆಯುವಾಗ ನನಗೆ ಮರ್ಲ್ ಒಬೆರಾನ್ ನೆನಪಾಗುತ್ತಾರೆ. ಮುಂಬೈಯಲ್ಲಿ ಹುಟ್ಟಿ, ಕೋಲ್ಕತ್ತದಲ್ಲಿ ಬೆಳೆದ ನಟಿ. ಅದೇ 1935ರ 'ದಿ ಡಾರ್ಕ್ ಏಂಜಲ್' ಚಿತ್ರಕ್ಕಾಗಿ ಆಸ್ಕರ್‌ನ ಅತ್ಯುತ್ತಮ ನಟಿ ಸ್ಪರ್ಧೆಯಲ್ಲಿದ್ದರು. ತಾನು ಟಾಸ್ಮೇನಿಯಾದವಳು ಅಂತ ಜಗತ್ತಿಗೆ ಹೇಳಿಕೊಂಡು, ತನ್ನ ಮೂಲವನ್ನು ಮುಚ್ಚಿಟ್ಟುಕೊಂಡೇ ಬದುಕಿದರು. ಅದೇ ಹಾಲಿವುಡ್, ಅದೇ ಕಾಲ. ಆನಾ ಮೇಗೆ ಮುಚ್ಚಿಡುವ ಆ ದಾರಿಯೂ ಇರಲಿಲ್ಲ.

ಚೀನಾ ಏನಂದಿತು

ಪ್ರಕರಣದಲ್ಲಿ ಇನ್ನೊಬ್ಬ ಪಾಲುದಾರ ಇದ್ದಾನೆ. ಚೀನೀ ಸರ್ಕಾರ. ಹಾಲಿವುಡ್ ತೋರಿಸುತ್ತಿದ್ದ ಚೀನಾದ ಚಿತ್ರಣದಿಂದ ಅದು ಬೇಸತ್ತಿತ್ತು. ಹಾಗಾಗಿ 'ದಿ ಗುಡ್ ಅರ್ತ್' ಮೇಲೆ ಕಣ್ಣಿಟ್ಟಿತ್ತು. ಎಂಜಿಎಂಗೂ ಚೀನಾದ ಸಹಕಾರ ಬೇಕಿತ್ತು. ಸ್ಟುಡಿಯೊಗೆ ಚೀನಾದ ಕಡೆಯಿಂದ ಬಂದಿದ್ದ ಸಲಹೆಗಾರರು ಆನಾ ಮೇ ಬೇಡ ಅಂದರು. ಆಕೆ ತೆರೆಗೆ ಬಂದಾಗಲೆಲ್ಲ ಚೀನಾದ ಮಾನ ಹೋಯಿತು ಅಂತ ಅಲ್ಲಿನ ಪತ್ರಿಕೆಗಳು ಬರೆಯುತ್ತವೆ ಅನ್ನುವುದು ಅವರ ಕಾರಣ.

ಅವರ ಸಿಟ್ಟಿಗೆ ಆಧಾರ ಇಲ್ಲದಿಲ್ಲ. ಆಕೆಯ ಪಾತ್ರಗಳಲ್ಲಿ ದಾಸಿ, ವಂಚಕಿ, ವೇಶ್ಯೆ ಇವೇ ಜಾಸ್ತಿ. ಆದರೆ ಆ ಪಾತ್ರಗಳನ್ನು ಬರೆದವರು ಯಾರು? ಬೇರೆ ಪಾತ್ರ ಕೊಡದವರು ಯಾರು? ಬರೆದವರ ಜೊತೆ ಒಪ್ಪಂದಕ್ಕೆ ಕೂತು, ಮಾಡಿದವಳನ್ನು ಹೊರಗಿಟ್ಟರು. ಹಾಲಿವುಡ್‌ಗೆ ಆಕೆ ಚೀನೀ. ಚೀನಾಕ್ಕೆ ಆಕೆ ಹಾಲಿವುಡ್. ಅತ್ತ ದರಿ, ಇತ್ತ ಪುಲಿ.

ಹಡಗು ಹತ್ತಿದರು

ಟೆಸ್ಟ್ ಆದ ಮರು ತಿಂಗಳೇ, 1936ರ ಜನವರಿಯಲ್ಲಿ, ಆನಾ ಮೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನಾಕ್ಕೆ ಹೋಗುವ ಹಡಗು ಹತ್ತಿದರು. ಅಲ್ಲಿಯವರೆಗೆ ಆಕೆ ಚೀನಾ ನೋಡಿದವರೇ ಅಲ್ಲ. ಚೀನೀಯರ ವಲಸೆಯನ್ನು ತಡೆದ 1882ರ ಕಾಯ್ದೆ ಆಗಿನ್ನೂ ಜಾರಿಯಲ್ಲಿತ್ತು. ದೇಶ ಬಿಟ್ಟು ಹೋಗುವ ಚೀನೀ ಮೂಲದವರು, ಅಮೆರಿಕದಲ್ಲೇ ಹುಟ್ಟಿದ್ದರೂ, ವಾಪಸ್ ಬರಲು ಮೊದಲೇ ಒಂದು ಅರ್ಜಿ ತುಂಬಬೇಕಿತ್ತು. ಆ ಅರ್ಜಿಯ ತಲೆಬರಹವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಅಮೆರಿಕದ ಪ್ರಜೆ ಎನ್ನಲಾದ ಚೀನೀ ಜನಾಂಗದ ವ್ಯಕ್ತಿಯ ಸ್ಥಾನಮಾನದ ಮುಂಗಡ ತನಿಖೆಗೆ ಅರ್ಜಿ. ಇಷ್ಟು ಹೆಸರು ಮಾಡಿದ ತಾರೆಯೂ ಇದನ್ನು ತುಂಬಿಯೇ ಹೋಗಬೇಕಿತ್ತು. ಆ 'ಎನ್ನಲಾದ' ಅನ್ನುವ ಪದ ಓದಿದಾಗ ನನ್ನ ಮನಸ್ಸಿಗೆ ಚುಚ್ಚಿದಂತಾಯಿತು.

ಶಾಂಘೈಯಲ್ಲಿ ಸ್ವಾಗತ ಸಿಕ್ಕಿತು, ಪಾರ್ಟಿಗಳಾದವು. ಆದರೆ ಅಲ್ಲಿನ ಮಾತು ಬರಲಿಲ್ಲ. ಮನೆಯಲ್ಲಿ ಕಲಿತದ್ದು ದಕ್ಷಿಣದ ತೈಶಾನ್ ಸೀಮೆಯ ಮಾತು. ತನ್ನವರ ನಡುವೆ ಮಾತಾಡಲು ಆಕೆಗೆ ದುಭಾಷಿ ಬೇಕಾಯಿತು. ಹಾಂಗ್‌ಕಾಂಗ್ ಬಂದರಿನಲ್ಲಿ ಕಾಯುತ್ತಿದ್ದ ಜನಜಂಗುಳಿಯಿಂದ ಕೂಗು ಎದ್ದಿತು. ಚೀನಾಕ್ಕೆ ಅವಮಾನ ಮಾಡಿದವಳು, ಇಳಿಯಲು ಬಿಡಬೇಡಿ! ಆನಾ ಮೇ ಅತ್ತುಬಿಟ್ಟರು. ನಾನ್‌ಜಿಂಗ್‌ನಲ್ಲಿ ಅಧಿಕಾರಿಗಳು ಊಟಕ್ಕೆ ಕರೆದು, ನಾಲ್ಕು ಗಂಟೆ ಹೊತ್ತು ಒಬ್ಬರಾದ ಮೇಲೆ ಒಬ್ಬರು ಎದ್ದು ಆಕೆಯ ಪಾತ್ರಗಳನ್ನು ಖಂಡಿಸಿ ಭಾಷಣ ಮಾಡಿದರು. ಆಕೆ ಕೊಟ್ಟ ಉತ್ತರ ಸರಳವಾಗಿತ್ತು. ಸಿಕ್ಕಿದ್ದು ಅವೇ ಪಾತ್ರ, ಬೇರೆ ಇರಲಿಲ್ಲ. ನಾನು ಬಂದಿರುವುದು ಚೀನಾವನ್ನು ತಿಳಿದುಕೊಂಡು ಹೋಗಿ ಇನ್ನೂ ಚೆನ್ನಾಗಿ ತೋರಿಸಲು.

ತಂದೆ ಅಷ್ಟರಲ್ಲಿ ತೈಶಾನ್ ಕಡೆಯ ಹಿರಿಯರ ಊರಿಗೆ ಬಂದು ನೆಲೆಸಿದ್ದರು. ಆಕೆ ಅಲ್ಲಿಗೂ ಹೋದರು. ಬೀಜಿಂಗ್‌ನಲ್ಲಿ ತಿಂಗಳುಗಟ್ಟಲೆ ಉಳಿದು ಮ್ಯಾಂಡರಿನ್ ಕಲಿತರು, ಚೀನೀ ರಂಗಭೂಮಿಯನ್ನು ನೋಡಿದರು. ದಾರಿಯುದ್ದಕ್ಕೂ ಸಿನಿಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆಸಿದರು. ನ್ಯೂಯಾರ್ಕ್‌ನ ಪತ್ರಿಕೆಗೆ ಲೇಖನ ಬರೆದು ಕಳಿಸಿದರು. ಅತ್ತ ಕ್ಯಾಲಿಫೋರ್ನಿಯಾದಲ್ಲಿ ತರಿಸಿಟ್ಟ ನೇಗಿಲು ಹಿಡಿದು ಮ್ಯೂನಿ ಉಳುತ್ತಿದ್ದ ತಿಂಗಳುಗಳಲ್ಲಿ, ಇತ್ತ ಆನಾ ಮೇ ನಿಜವಾದ ಚೀನಾದ ಮಣ್ಣಿನಲ್ಲಿ ನಡೆಯುತ್ತಿದ್ದರು.

ಆಮೇಲೆ

ಥಾಲ್‌ಬರ್ಗ್ ಚಿತ್ರ ಬಿಡುಗಡೆಯಾಗುವ ಮೊದಲೇ, 1936ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 'ದಿ ಗುಡ್ ಅರ್ತ್' 1937ರ ಜನವರಿಯಲ್ಲಿ ತೆರೆಕಂಡಿತು. ಚೀನೀ ಅಮೆರಿಕನ್ನರಿಗೂ ಅದರಲ್ಲಿ ಕೆಲಸ ಸಿಕ್ಕಿತು. ಹಿರಿಯ ಮಗನಾಗಿ ಕೀ ಲ್ಯೂಕ್, ಜೊತೆಗೆ ಗುಂಪಿನ ದೃಶ್ಯಗಳಲ್ಲಿ ನೂರಾರು ಜನ. ಪುಟ್ಟ ಮದುಮಗಳ ಚಿಕ್ಕ ಪಾತ್ರದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳು ಆನಾ ಮೇ ಅವರ ತಂಗಿ, ಮೇರಿ ವಾಂಗ್.

ಚೀನಾದಿಂದ ಬಂದ ಮೇಲೆ ಆನಾ ಮೇ ಪ್ಯಾರಾಮೌಂಟ್‌ಗೆ ಕೆಲವು ಕಡಿಮೆ ಖರ್ಚಿನ ಚಿತ್ರ ಮಾಡಿದರು. ದುಡ್ಡು ಕಡಿಮೆ, ಮರ್ಯಾದೆ ಜಾಸ್ತಿ. 1937ರ 'ಡಾಟರ್ ಆಫ್ ಶಾಂಘೈ'ನಲ್ಲಿ ಅಪ್ಪನ ಕೊಲೆಗೆ ಕಾರಣರಾದ ಕಳ್ಳಸಾಗಣೆದಾರರನ್ನು ಬೆನ್ನಟ್ಟುವ ನಾಯಕಿ ಆಕೆ. ಎದುರಿಗೆ ಪತ್ತೇದಾರನಾಗಿ ಕೊರಿಯಾ ಮೂಲದ ಫಿಲಿಪ್ ಆನ್. ಅವಳು ಸಾಯುವುದಿಲ್ಲ. ಕೊನೆಯಲ್ಲಿ ಅವನು ಮದುವೆಯ ಮಾತೆತ್ತುತ್ತಾನೆ. ಆ ಕಾಲದ ಹಾಲಿವುಡ್‌ನಲ್ಲಿ ಇದು ಎಷ್ಟು ಅಪರೂಪ ಅನ್ನುವುದು ಇಷ್ಟು ಓದಿದ ನಿಮಗೆ ಗೊತ್ತಾಗಿರುತ್ತದೆ. 2006ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಜಪಾನ್ ಚೀನಾದ ಮೇಲೆ ನಡೆಸಿದ ಯುದ್ಧದ ವರ್ಷಗಳಲ್ಲಿ ಆಕೆ ತಮ್ಮ ಸಿನಿಮಾ ಉಡುಪುಗಳನ್ನು ಹರಾಜು ಹಾಕಿ ಚೀನಾದ ನೆರವಿಗೆ ಕೊಟ್ಟರು. 1942ರ ಎರಡು ಚಿತ್ರಗಳ ಸಂಬಳವನ್ನೂ ಅದಕ್ಕೇ ಕೊಟ್ಟರು. ಇಳಿಯಬೇಡ ಅಂತ ಬಂದರಿನಲ್ಲಿ ಕೂಗಿದ ಅದೇ ದೇಶಕ್ಕೆ.

1951ರಲ್ಲಿ ಡ್ಯುಮಾಂಟ್ ಟಿವಿಯಲ್ಲಿ ಆಕೆಯದೇ ಸರಣಿ ಬಂತು. ಅದರ ನಾಯಕಿ ಕಲಾವಸ್ತುಗಳ ವ್ಯಾಪಾರಿ, ಜೊತೆಗೆ ಪತ್ತೇದಾರಿಣಿ. ಪಾತ್ರದ ಹೆಸರು ಮೇಡಂ ಲಿಯು ತ್ಸಾಂಗ್. ಹುಟ್ಟಿದಾಗ ಮನೆಯಲ್ಲಿ ಇಟ್ಟ ಹೆಸರೇ. ಏಷ್ಯಾ ಮೂಲದ ಅಮೆರಿಕನ್ ಒಬ್ಬರು ನಾಯಕ ಪಾತ್ರದಲ್ಲಿದ್ದ ಅಲ್ಲಿನ ಮೊದಲ ಟಿವಿ ಸರಣಿ ಅದು. ಅದರ ಒಂದು ಕಂತೂ ಈಗ ಉಳಿದಿಲ್ಲ. 1936ರಲ್ಲಿ ಚೀನಾದಲ್ಲಿ ತೆಗೆಸಿದ ಚಿತ್ರಗಳು ಉಳಿದವು. 1957ರಲ್ಲಿ ಟಿವಿಯಲ್ಲಿ ಅವನ್ನು ತೋರಿಸುತ್ತಾ ಆಕೆಯೇ ವಿವರಿಸಿದರು.

1961ರ ಫೆಬ್ರುವರಿ 3ರಂದು, 56ನೇ ವಯಸ್ಸಿನಲ್ಲಿ, ಸಾಂಟಾ ಮೋನಿಕಾದ ಮನೆಯಲ್ಲಿ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. 2022ರಲ್ಲಿ ಅಮೆರಿಕ ಆಕೆಯ ಮುಖವನ್ನು 25 ಸೆಂಟ್ ನಾಣ್ಯದ ಮೇಲೆ ಅಚ್ಚು ಹಾಕಿತು. ಕೈಗೆ ಕೆನ್ನೆ ಆನಿಸಿದ ಮುಖ, ಹಣೆಯ ಮೇಲೆ ನೇರವಾಗಿ ಕತ್ತರಿಸಿದ ಕೂದಲು, ಸುತ್ತ ಚಿತ್ರಮಂದಿರದ ದೀಪಗಳ ಸಾಲು. ಮರುವರ್ಷ ಚೀನೀ ಮೂಲದ ಮಲೇಷ್ಯಾದ ನಟಿ ಮಿಶೆಲ್ ಯೋ ಅತ್ಯುತ್ತಮ ನಟಿಯ ಆಸ್ಕರ್ ಹಿಡಿದರು. ರೈನರ್ ಚೀನೀ ರೈತಳಾಗಿ ಅದನ್ನು ಪಡೆದು 85 ವರ್ಷವಾಗಿತ್ತು.

ಲಾಸ್ ಏಂಜಲೀಸ್‌ನ ಏಂಜಲಸ್-ರೋಸ್‌ಡೇಲ್ ಸ್ಮಶಾನದಲ್ಲಿ ಆಕೆಯ ಬೂದಿ ತಾಯಿಯ ಸಮಾಧಿಯಲ್ಲಿದೆ. ಕಲ್ಲಿನ ಮೇಲ್ಭಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತಾಯಿಯ ಹೆಸರು. ಎರಡು ಬದಿಯಲ್ಲಿ ಚೀನೀ ಅಕ್ಷರಗಳು ಮೇಲಿಂದ ಕೆಳಗೆ ಇಳಿದಿವೆ. ಒಂದು ಬದಿ ಆನಾ ಮೇ ಅವರ ಹೆಸರು. ಇನ್ನೊಂದು ಬದಿ, ಆ ಚಿತ್ರದಲ್ಲಿ ಪುಟ್ಟ ಮದುಮಗಳಾಗಿದ್ದ ತಂಗಿ ಮೇರಿಯ ಹೆಸರು.